ಹೆಪ್ಪುಗಟ್ಟಿದ ಸರೋವರದ ಮೇಲೆ ಕಾರು ಓಡಿಸಬಹುದೇ?



ಕಳೆದ ವಾರ ಡೊಂಬಿವಲಿಯ ಕೇಳುಗರೊಬ್ಬರು ಫೋನ್ ಮಾಡಿ ತಮ್ಮ ಮೆಚ್ಚಿನ ಹಾಡು ತಿಳಿಸಿದ ಮೇಲೆ, ಫೋನ್ ಇಡುವ ಮೊದಲು ಒಂದು ಪ್ರಶ್ನೆ ಹಾಕಿದರು. ಅವರ ಮಗ ಸ್ನೇಹಿತರೊಡನೆ ಜನವರಿಯಲ್ಲಿ ಲಡಾಖ್‌ಗೆ ಹೊರಟಿದ್ದಾನೆ. ಆಗ ಪಾಂಗಾಂಗ್ ಸರೋವರ ಹೆಪ್ಪುಗಟ್ಟಿರುತ್ತದೆ, ಅದರ ಮೇಲೆ ಗಾಡಿ ಓಡಿಸಿ ವಿಡಿಯೋ ತೆಗೆಯಬೇಕು ಎಂಬುದು ಹುಡುಗರ ಆಸೆ. "ಕಲ್ಲಿನ ಹಾಗೆ ಗಟ್ಟಿ ಇರ್ತದಮ್ಮ, ಏನೂ ಆಗೋದಿಲ್ಲ ಅಂತಾನೆ. ಹೌದೇನ್ರೀ?" ಎಂದರು ಆ ತಾಯಿ. ಕಾರ್ಯಕ್ರಮದಲ್ಲಿ ಸಮಯವಿರಲಿಲ್ಲ, ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಸುಮಾರು 4,225 ಮೀಟರ್ ಎತ್ತರದಲ್ಲಿರುವ ಈ ಸರೋವರದ ಮೇಲೆ 2023ರ ಫೆಬ್ರವರಿಯಲ್ಲಿ 21 ಕಿ.ಮೀ. ಓಟದ ಸ್ಪರ್ಧೆಯೇ ನಡೆದಿತ್ತು! ಆದರೆ ಅವರು ಓಡಿದ್ದು ಗೊತ್ತುಮಾಡಿದ ದಾರಿಯಲ್ಲಿ. ಅದೂ ಅಲ್ಲದೆ, ಓಡುವ ಮನುಷ್ಯನ ತೂಕ ಎಪ್ಪತ್ತು ಕಿಲೋ ಇದ್ದರೆ ನಾಲ್ಕು ಜನ ಕೂತ ಕಾರು ಸಾವಿರದ ಐನೂರು ಕಿಲೋ ದಾಟುತ್ತದೆ.

ಮಂಜುಗಡ್ಡೆ ನೆಲವಲ್ಲ, ನೀರಿನ ಮೇಲೆ ತೇಲುವ ಹಲಗೆ. ಭಾರ ಬಿದ್ದಲ್ಲಿ ಅದು ಕೆಳಗೆ ಬಾಗುತ್ತದೆ. ಕಾರನ್ನು ಅಲ್ಲೇ ನಿಲ್ಲಿಸಿ ಚಹಾ ಕುಡಿಯುತ್ತ ಕೂತರೆ ನಿಧಾನವಾಗಿ ಇನ್ನಷ್ಟು ಬಾಗುತ್ತದೆ. ಕೆರೆಯ ಮೇಲೆ ಗಾಡಿ ಓಡಿಸುವ ರೂಢಿ ಇರುವ ಅಮೆರಿಕದ ಮಿನೆಸೋಟಾದಲ್ಲಿ ಒಂದು ಲೆಕ್ಕವಿದೆ: ನಡೆಯಲು ಕನಿಷ್ಠ 4 ಇಂಚು ದಪ್ಪ ಬೇಕು, ಸಣ್ಣ ಕಾರಿಗೆ 9–10 ಇಂಚು. ಇದು ಹೊಸದಾದ, ಗಾಜಿನಂತೆ ತಿಳಿಯಾದ ಗಡ್ಡೆಯ ಮಾತು. ಹಿಮ ಬೆರೆತು ಬೆಳ್ಳಗಾದ ಗಡ್ಡೆಗೆ ಅದರ ಅರ್ಧದಷ್ಟೇ ಶಕ್ತಿ ಎನ್ನುತ್ತಾರೆ.

ಬೆಟ್ಟದ ಸರೋವರದಲ್ಲಿ ಈ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ತೊರೆ ಬಂದು ಸೇರುವಲ್ಲಿ, ಒರತೆ ಇರುವಲ್ಲಿ ಕೆಳಗಿನಿಂದಲೇ ಸವೆದಿರುತ್ತದೆ. ಮೇಲೆ ಬಿದ್ದ ಹಿಮ ಕಂಬಳಿ ಹೊದಿಸಿದಂತೆ. ಅದರಡಿ ಗಡ್ಡೆ ದಪ್ಪವಾಗುವುದು ನಿಧಾನ, ಬಿರುಕೂ ಕಾಣುವುದಿಲ್ಲ. ಪಾಂಗಾಂಗ್‌ನದು ಉಪ್ಪುನೀರು ಬೇರೆ. ಉಪ್ಪು ಸೇರಿದ ಗಡ್ಡೆ ಸಿಹಿನೀರಿನದಕ್ಕಿಂತ ಮೆದು. ಠಾಣೆಯ ಮಸುಂದಾ ತಲಾವ್ ನೋಡಿ ಬೆಳೆದ ನಮಗೆ ಇದೆಲ್ಲ ಹೇಗೆ ತಿಳಿಯಬೇಕು? ಮಳೆಗಾಲದಲ್ಲಿ ರಸ್ತೆಯ ನೀರು ಎಷ್ಟು ಆಳವೆಂದು ಮುಂದಿನ ರಿಕ್ಷಾದ ಚಕ್ರ ನೋಡಿ ಹೇಳಿಬಿಡುತ್ತೇವೆ. ಮಂಜುಗಡ್ಡೆ ಓದುವ ಆ ಕಣ್ಣು ನಮಗಿಲ್ಲ.

ವೇಗದ ವಿಷಯ ಕೇಳಿದರೆ ಆಶ್ಚರ್ಯಪಡುತ್ತೀರಿ. ಯುರೋಪಿನ ಎಸ್ಟೋನಿಯಾದಲ್ಲಿ ಚಳಿ ಜೋರಾದ ವರ್ಷ ಸಮುದ್ರದ ಮಂಜುಗಡ್ಡೆಯ ಮೇಲೆ ಸರ್ಕಾರವೇ ರಸ್ತೆ ತೆರೆಯುತ್ತದೆ. ಅಲ್ಲಿ ಗಂಟೆಗೆ 25ರಿಂದ 40 ಕಿ.ಮೀ. ನಡುವಿನ ವೇಗ ನಿಷಿದ್ಧ! ಗಾಡಿ ಸಾಗುವಾಗ ಗಡ್ಡೆಯಡಿಯ ನೀರಿನಲ್ಲಿ ಅಲೆ ಏಳುತ್ತದೆ. ಗಾಡಿಯ ವೇಗವೂ ಅಲೆಯ ವೇಗವೂ ಒಂದಾದರೆ ಅಲೆ ದೊಡ್ಡದಾಗುತ್ತ ಹೋಗಿ ಗಡ್ಡೆಯನ್ನು ಸೀಳುತ್ತದೆ. ಇನ್ನೊಂದು ನಿಯಮ: ಸೀಟ್ ಬೆಲ್ಟ್ ಹಾಕಿಕೊಳ್ಳಬಾರದು. ಯಾಕೆಂದರೆ ಕಾರು ಮುಳುಗಿದರೆ ಹೊರಬರಲು ಸಿಗುವುದು ಕೆಲವೇ ಕ್ಷಣ. ಎಂಜಿನ್ ಇರುವ ಮೂತಿಯೇ ಮೊದಲು ಇಳಿಯುತ್ತದೆ, ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಕಿಟಕಿಯೊಂದೇ ದಾರಿ.

ಹೊರಬಂದರೂ ಸುತ್ತ ಹಿಮದಂಥ ನೀರು. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಏದುಸಿರು. ಆಗ ಬಾಯಿಗೆ ನೀರು ಹೋದರೆ ಮುಗಿಯಿತು. ಸುಮಾರು ಹತ್ತು ನಿಮಿಷದಲ್ಲಿ ಕೈಕಾಲು ಸ್ವಾಧೀನ ತಪ್ಪುತ್ತವೆ. ಈಜು ಬಂದರೂ ಅಷ್ಟೇ.

ಕಾರೇ ಬೇಕೆಂದಿಲ್ಲ. ಅರುಣಾಚಲದ ಸೇಲಾ ಸರೋವರದಲ್ಲಿ 2025ರ ಜನವರಿಯಲ್ಲಿ ನಡೆಯುತ್ತಿದ್ದ ಪ್ರವಾಸಿಗರು ಗಡ್ಡೆ ಒಡೆದು ನೀರಿಗೆ ಬಿದ್ದರು. ಪುಣ್ಯಕ್ಕೆ ಅವರನ್ನು ಮೇಲೆತ್ತಲಾಯಿತು. ಮರುವರ್ಷ ಅದೇ ಜನವರಿಯಲ್ಲಿ, ಅದೇ ಸರೋವರದಲ್ಲಿ ಕೇರಳದ ಇಬ್ಬರು ತರುಣರು ತೀರಿಕೊಂಡರು.

ಆದ್ದರಿಂದ ಅಮ್ಮಾ, ಮಗನಿಗೆ ಹೇಳಿ: ಪಾಂಗಾಂಗ್ ನೋಡಿ ಬರಲಿ, ವಿಡಿಯೋನೂ ತೆಗೆಯಲಿ, ಗಾಡಿ ಮಾತ್ರ ದಡದಲ್ಲೇ ಇರಲಿ. ಲಡಾಖಿನ ಡ್ರೈವರ್ "ಬೇಡ" ಅಂದರೆ ಐನೂರು ರೂಪಾಯಿ ಹೆಚ್ಚು ಕೊಡುತ್ತೇವೆಂದು ಒತ್ತಾಯ ಮಾಡುವುದು ಬೇಡ. ಅವನು ಏನೆಂದನೆಂದು ಮುಂದಿನ ವಾರ ಫೋನ್ ಮಾಡಿ ತಿಳಿಸುತ್ತೀರಲ್ಲ? ನೀವು ಕೇಳಿದ ಹಾಡೂ ನನ್ನ ಬಳಿ ಬಾಕಿ ಇದೆ.