ಕಲ್ಲು ನಿಲ್ಲೋದನ್ನ ಕಲಿತ ಕಥೆ

ಬಸ್ ಸ್ಟಾಪಿನಲ್ಲಿ ಕಾಯುವಾಗ ನಾವು ಎರಡೂ ಕಾಲಿನ ಮೇಲೆ ಸಮವಾಗಿ ಭಾರ ಹಾಕ್ತೀವಾ? ಇಲ್ಲ. ಒಂದು ಕಾಲು ಭಾರ ಹೊರುತ್ತೆ, ಇನ್ನೊಂದು ಸಡಿಲವಾಗಿರುತ್ತೆ. ಇಷ್ಟನ್ನು ಕಲ್ಲಿನಲ್ಲಿ ತರಲು ಗ್ರೀಕ್ ಶಿಲ್ಪಿಗಳಿಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಮೊದಲು ಆರ್ಕೇಯಿಕ್ ಕಾಲ. ಕ್ರಿ.ಪೂ. 600ರ ಸುಮಾರಿನ ‘ಕೂರೋಸ್’ ಯುವಕರ ಎಡಗಾಲು ಮುಂದಿದೆ, ಆದರೆ ಸೊಂಟ ಅಲುಗಿಲ್ಲ. ಈಜಿಪ್ಟಿನ ಪ್ರತಿಮೆಗಳ ಹಾಗೆ ನೆಟ್ಟಗೆ ನಿಂತಿದ್ದಾರೆ. ಕ್ರಿ.ಪೂ. 480ರ ಸುಮಾರಿಗೆ ಅಥೆನ್ಸಿನ ‘ಕ್ರಿಟಿಯೋಸ್ ಬಾಲಕ’ ಭಾರವನ್ನು ಎಡಗಾಲಿಗೆ ಹಾಕಿದ. ಸೊಂಟ ಓರೆಯಾಯಿತು, ಕಲ್ಲಿಗೆ ಜೀವ ಬಂತು.

ಮುಂದೆ ಕ್ಲಾಸಿಕಲ್ ಕಾಲದಲ್ಲಿ ಪಾಲಿಕ್ಲೀಟಸ್ ಈ ನಿಲುವನ್ನೇ ಲೆಕ್ಕಕ್ಕೆ ಇಳಿಸಿದ. ಅಂಗಾಂಗಗಳ ಅನುಪಾತದ ಬಗ್ಗೆ ‘ಕ್ಯಾನನ್’ ಎಂಬ ಗ್ರಂಥ ಬರೆದ. ‘ಈಟಿ ಹಿಡಿದವನು’ ಪ್ರತಿಮೆಯನ್ನು ಕಂಚಿನಲ್ಲಿ ಎರಕ ಹೊಯ್ದ. ಕಂಚೇ ಯಾಕೆ? ಅಮೃತಶಿಲೆ ಒತ್ತಡ ತಡೆಯುತ್ತೆ, ಎಳೆತ ಅಷ್ಟಾಗಿ ತಡೆಯಲ್ಲ. ಚಾಚಿದ ಕೈ, ತೆಳ್ಳನೆಯ ಕಣಕಾಲು ಮುರಿಯುವ ಜಾಗಗಳು. ಟೊಳ್ಳು ಕಂಚಿಗೆ ಆ ಭಯ ಕಡಿಮೆ.

ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ತೀರಿಕೊಂಡ ಮೇಲಿನ ಹೆಲೆನಿಸ್ಟಿಕ್ ಕಾಲಕ್ಕೆ ನಿಂತರಷ್ಟೇ ಸಾಲಲಿಲ್ಲ. ಈಗ ಲೂವ್ರ್‌ನಲ್ಲಿರುವ ಸಮೋತ್ರೇಸಿನ ವಿಜಯದೇವತೆ ಅಮೃತಶಿಲೆಯ ರೆಕ್ಕೆ ಬಿಚ್ಚಿ, ಗಾಳಿಗೆದುರಾಗಿ ಹಡಗಿನ ಮೂತಿಯ ಮೇಲೆ ಇಳಿಯುತ್ತಾಳೆ.

ಆದರೆ ಗ್ರೀಕ್ ಕಂಚಿನ ಪ್ರತಿಮೆಗಳಲ್ಲಿ ಹೆಚ್ಚಿನವನ್ನು ನಂತರದವರು ಲೋಹಕ್ಕಾಗಿ ಕರಗಿಸಿಬಿಟ್ಟರು. ಪಾಲಿಕ್ಲೀಟಸನ ಮೂಲ ಕೃತಿಯೂ ಉಳಿದಿಲ್ಲ. ನಾವು ನೋಡೋದು ರೋಮನ್ನರ ಅಮೃತಶಿಲೆಯ ನಕಲು. ಅದರ ಕಾಲಿನ ಪಕ್ಕ ಒಂದು ಮರದ ಬೊಡ್ಡೆ ಇದೆ. ಅದು ಅಲಂಕಾರವಲ್ಲ, ಕಲ್ಲಿಗೆ ಕೊಟ್ಟ ಆಸರೆ. ಕಂಚು ಹೋದರೂ ಅದು ಇತ್ತು ಅನ್ನೋದಕ್ಕೆ ಆ ಬೊಡ್ಡೆಯೇ ಸಾಕ್ಷಿ.