ಊರಿನ ಚಕ್ಕುಬಂದಿ

ನಮ್ಮ ಕಾಸರಗೋಡಿನಲ್ಲಿ ಕನ್ನಡ ಅಧ್ಯಾಪಕನಾದವನಿಗೆ ತರಗತಿಯ ಹೊರಗೂ ಒಂದು ಉದ್ಯೋಗವುಂಟು: ಹಳೆಯ ದಸ್ತಾವೇಜುಗಳನ್ನು ಓದಿ ಹೇಳುವುದು. ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ಹಿರಿಯರೊಬ್ಬರು ತಗಡಿನ ಡಬ್ಬವೊಂದನ್ನು ಕೊಡೆಯ ಮರೆಯಲ್ಲಿ ಜೋಪಾನವಾಗಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಅವರ ಮನೆಮಾತು ಮಲಯಾಳ. ಡಬ್ಬದೊಳಗಿದ್ದುದು ಅವರ ಅಜ್ಜ ೧೯೩೪ರಲ್ಲಿ ಬರೆಸಿಕೊಂಡಿದ್ದ ಮೂಲಗೇಣಿ ಚೀಟು. ಛಾಪಾಕಾಗದದ ನೆತ್ತಿಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖ. ಅದರ ಕೆಳಗೆ ಮೊದಲಿನಿಂದ ಕೊನೆಯವರೆಗೆ ಕನ್ನಡ. ಮಕ್ಕಳಿಗೆ ಆಸ್ತಿ ಹಂಚಬೇಕಾಗಿತ್ತು. ಮನೆಯಲ್ಲಿ ಓದುಬರಹ ಬಲ್ಲವರು ಏಳು ಮಂದಿ ಇದ್ದರೂ ಈ ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ.

ಹೊರಗಿನವರಿಗೆ ಇದು ವಿಚಿತ್ರವೆನಿಸೀತು. ೧೭೯೯ರಲ್ಲಿ ಟಿಪ್ಪು ಮಡಿದ ಮೇಲೆ ಈ ಕರಾವಳಿ ಕುಂಪಣಿ ಸರಕಾರದ ವಶವಾಯಿತು. ಮುಂದೆ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತು. ಮನೆಯೊಳಗೆ ತುಳುವೋ ಮಲಯಾಳವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ ಆಡಲಿ, ಜಮೀನಿನ ವಿಷಯ ಬಂದಾಗ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ಇಲ್ಲಿಯ ಕನ್ನಡವನ್ನು ಕನ್ನಡಿಗರ ಸೊತ್ತೆಂದು ಮಾತ್ರ ಬಗೆದು ನಾವು ಮಾಡುವ ಭಾಷಣಗಳು ಈ ಡಬ್ಬದ ಮುಂದೆ ಸ್ವಲ್ಪ ಸಪ್ಪೆಯಾಗುತ್ತವೆ. ಅದು ಆ ಹಿರಿಯರ ಅಜ್ಜನ ಸೊತ್ತೂ ಆಗಿತ್ತು.

ಓದತೊಡಗಿದೆ. ಬೈಲು, ಮಜಲು, ಬೆಟ್ಟು: ನೀರು ನಿಲ್ಲುವ ತಗ್ಗಿನ ಗದ್ದೆ, ಅದರ ಮೇಲಿನದು, ಮಳೆಯನ್ನೇ ನಂಬಿದ ಎತ್ತರದ್ದು. ಮೂರು ಮಾತುಗಳಲ್ಲಿ ಊರಿನ ಏರಿಳಿತವೆಲ್ಲ ಬಂದುಹೋಯಿತು. ಆಮೇಲೆ ಕುಮ್ಕಿ. ಪಟ್ಟೆಯ ಭೂಮಿಯಿಂದ ನೂರು ಗಜದೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು ಸೌದೆ ತರುವ ಹಕ್ಕಿಗೆ ಆ ಹೆಸರು. ಸಹಾಯವೆಂಬ ಅರ್ಥದ ಪಾರಸಿ ಶಬ್ದವದು. ಎಲ್ಲಿಂದಲೋ ಬಂದು ನಮ್ಮ ಹಾಡಿಗಳಲ್ಲಿ ಬೇರೂರಿದೆ. ಕೊನೆಗೆ ಚಕ್ಕುಬಂದಿ: ಪೂರ್ವಕ್ಕೆ ಕಾಸರಕನ ಮರ, ದಕ್ಷಿಣಕ್ಕೆ ತೋಡು. ಕಾಸರಕವೆಂದರೇನೆಂದು ಹಿರಿಯರು ಕೇಳಿದರು. ಎಲೆ, ಕಾಯಿಗಳನ್ನು ವರ್ಣಿಸಿದೊಡನೆ ಅವರ ಮುಖವರಳಿತು: "ಓ, ಕಾಞಿರಂ!" ನಮ್ಮ ಊರಿನ ಹೆಸರು ಸರೋವರದಿಂದ ಬಂದಿತೆನ್ನುವವರೂ ಇದ್ದಾರೆ, ಈ ಕಹಿ ಮರದಿಂದ ಬಂದಿತೆನ್ನುವವರೂ ಇದ್ದಾರೆ. ನನಗೆ ಮರದ ಕಡೆಗೇ ಒಲವು.

ಊರಿಗೂ ಒಂದು ಚಕ್ಕುಬಂದಿಯುಂಟಷ್ಟೆ. ದಕ್ಷಿಣಕ್ಕೆ ಚಂದ್ರಗಿರಿ ಹೊಳೆ. ತುಳುನಾಡಿನ ಎಲ್ಲೆಯೆಂದು ಹಿಂದಿನಿಂದ ಎಣಿಸಿದ್ದು ಅದನ್ನೇ. ಕೆಳದಿಯ ಶಿವಪ್ಪನಾಯಕನು ಅದನ್ನು ಎಲ್ಲೆಯೆಂದು ಒಪ್ಪಲಿಲ್ಲ. ಹೊಳೆಯಾಚೆ ಬೇಕಲದಲ್ಲಿಯೂ ಕೋಟೆ ಕಟ್ಟಿದನು. ೧೯೫೬ರ ನವೆಂಬರ್ ೧ರಂದು ಗೆರೆ ಹೊಳೆಯನ್ನು ಬಿಟ್ಟು ಉತ್ತರದ ತಲಪಾಡಿಗೆ ಸರಿಯಿತು. ಮದರಾಸು ಸರಕಾರದಿಂದ ೧೯೪೯ರಲ್ಲಿ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳು ಮನೆ ಬಿಟ್ಟು ಕದಲದೆಯೇ ಕೇರಳದವರಾದರು. ಹೊಳೆಯ ಉತ್ತರದ ಭಾಗ ಮೈಸೂರಿಗೆ ಸಲ್ಲಬೇಕೆಂದು ಮಹಾಜನ ಆಯೋಗ ೧೯೬೭ರಲ್ಲಿ ಹೇಳಿತು. ಆ ಮಾತು ಕಾಗದದಲ್ಲಿಯೇ ಉಳಿಯಿತು.

ಈ ವಿಷಯದಲ್ಲಿ ನನ್ನ ಮನಸ್ಸು ಒಂದೇ ಕಡೆಗಿಲ್ಲ. ಭೂಮಸೂದೆಯನ್ನೇ ನೋಡಿ: ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿದ ಕಾನೂನು ಕೇರಳದಲ್ಲಿ ಜಾರಿಗೆ ಬಂದದ್ದು ೧೯೭೦ರ ಜನವರಿಯಲ್ಲಿ, ತಲಪಾಡಿಯ ಆಚೆಗೆ ೧೯೭೪ರ ಮಾರ್ಚಿಯಲ್ಲಿ. ವಿಲೀನದ ಕನಸು ಕಾಣುವಾಗ ನಾವು ಆ ನಾಲ್ಕು ವರ್ಷಗಳನ್ನು ಮರೆಯುತ್ತೇವೆ. ಆದರೆ ೨೦೨೦ರ ಮಾರ್ಚಿಯನ್ನು ಮರೆಯುವುದು ಸಾಧ್ಯವೇ? ಸಾಂಕ್ರಾಮಿಕದ ಭೀತಿಯಿಂದ ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿಯಿತು. ರೋಗಿಗಳನ್ನು ಹೊತ್ತ ವಾಹನಗಳು ಮಂಗಳೂರಿಗೆ ಹೋಗಲಾರದೆ ಹಿಂದಿರುಗಿದವು. ಕಾಯಿಲೆಯಾದರೆ ಮಂಗಳೂರು ಎಂದು ತಲೆಮಾರುಗಳಿಂದ ನಂಬಿದ್ದ ಊರು ಇದು. ಮಣ್ಣಿನ ಆ ರಾಶಿಯ ಮುಂದೆ ಕನ್ನಡಿಗನೆಂದೂ ಮಲಯಾಳಿಯೆಂದೂ ಭೇದವಿರಲಿಲ್ಲ, ನಾವೆಲ್ಲರೂ ಆಚೆಯವರು.

ಹಿರಿಯರಿಗೆ ಅಷ್ಟೆಲ್ಲ ಬೇಕಾಗಿರಲಿಲ್ಲ. ಮೊಮ್ಮಗನಿಗೆ ತಿಳಿಯುವಂತೆ ಮಲಯಾಳದಲ್ಲಿ ಬರೆದುಕೊಡಿರೆಂದರು. ಪೂರ್ವದ ಮರ ಈಗುಂಟೇ ಎಂದು ಕೇಳಿದೆ. ತಮ್ಮ ತಂದೆಯ ಕಾಲದಲ್ಲಿಯೇ ಬಿತ್ತಂತೆ; ಅದರ ಬುಡದ ಕಲ್ಲು ಮಾತ್ರ ಇದೆಯಂತೆ. ರಾತ್ರಿ ಕುಳಿತು ಬರೆದೆ. ಕಾಸರಕವನ್ನು ಕಾಞಿರವೆಂದು ಮಾಡಿದೆ. ತೋಡು ಅಲ್ಲಿಯೂ ತೋಡೇ. ಬೆಟ್ಟು, ಕುಮ್ಕಿ, ಮೂಲಗೇಣಿಗಳಿಗೆ ಬೇರೆ ಮಾತು ಹೊಳೆಯಲಿಲ್ಲ. ಅವನ್ನು ಇದ್ದಂತೆಯೇ ಮಲಯಾಳದ ಅಕ್ಷರದಲ್ಲಿ ಇಳಿಸಿ, ಬೆಳಗ್ಗೆ ಕಾಲೇಜಿಗೆ ಹೋಗುವ ಮುಂಚೆ ಡಬ್ಬದೊಂದಿಗೆ ಅವರ ಮನೆಗೆ ಕೊಟ್ಟುಬಂದೆ.