ಟಯರಿನ ಮೇಲಿನ ಬರಹ ಓದೋಣ

ಮಾಜಾಳಿ ನಮ್ಮ ಕರಾವಳಿಯ ತುದಿಯ ಊರು. ಊರು ದಾಟಿದರೆ ಗೋವಾ ರಾಜ್ಯ. 66ನೇ ನಂಬರಿನ ಹೆದ್ದಾರಿ ಈ ಊರಿನ ಮೂಲಕವೇ ಹೋಗುತ್ತದೆ. ಹಗಲು ರಾತ್ರಿ ವಾಹನಗಳು ಓಡುತ್ತವೆ.

2023ರ ಮಳೆಗಾಲ. ನಾವು ನಾಲ್ಕು ಜನ ಬಾಡಿಗೆ ಕಾರಿನಲ್ಲಿ ಕಾರವಾರದಿಂದ ಮಾಜಾಳಿಗೆ ಹೊರಟಿದ್ದೆವು. ಕಾಳಿ ಸೇತುವೆ ದಾಟಿದೆವು. ಸದಾಶಿವಗಡವೂ ಹಿಂದೆ ಉಳಿಯಿತು. ಆಗ ಕಾರು ಎಡಕ್ಕೆ ಎಳೆಯತೊಡಗಿತು. ಟಪ ಟಪ ಸದ್ದು ಬಂತು.

"ಗಾಳಿ ಹೋಯ್ತು" ಎಂದ ಡ್ರೈವರಣ್ಣ. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿ ಇಲ್ಲ! ಮಳೆಯಲ್ಲಿ ನೆನೆಯುತ್ತ ನಿಂತೆವು. ಕೊನೆಗೆ ಪಂಕ್ಚರ್ ಅಂಗಡಿಯವರು ಬಂದು ಸ್ಟೆಪ್ನಿಗೆ ಗಾಳಿ ತುಂಬಿದರು. ಹಾಳಾದ ಟಯರನ್ನೂ ನೋಡಿದರು.

"ಬದಿಯೇ ಹರಿದಿದೆ. ಪ್ಯಾಚ್ ಹಾಕಿದ್ರೆ ನಿಲ್ಲೂದಿಲ್ಲ. ಬೇರೆ ಟಯರ್ ತಗೊಳ್ಳಿ. ತಗೊಳ್ಳುವಾಗ ಕೊನೆಯ ನಾಲ್ಕು ಅಂಕಿ ಓದಿ" ಎಂದರು.

ಮರುದಿನ ಡ್ರೈವರಣ್ಣನ ಜೊತೆ ನಾವೂ ಟಯರ್ ಅಂಗಡಿಗೆ ಹೋದೆವು. "ಹೊಸಾ ಮಾಲು" ಎಂದು ಒಂದು ಟಯರ್ ತೋರಿಸಿದರು. ನೋಡಲು ಕಪ್ಪಗೆ ಹೊಳೆಯುತ್ತಿತ್ತು. ನಮ್ಮ ಜೊತೆಗಿದ್ದ ಅಕ್ಕ ಅಕ್ಷರ ಕಲಿತು ವರ್ಷವೂ ಆಗಿರಲಿಲ್ಲ. ಅವಳು ಬಗ್ಗಿ ಅಂಕಿ ಓದಿದಳು: 1417. ಅಂದರೆ 2017ನೇ ಇಸವಿಯ 14ನೇ ವಾರ ತಯಾರಾದ ಟಯರ್. ಆರು ವರ್ಷ ಹಳೆಯದು! ಅಂಗಡಿಯವರು ಸುಮ್ಮನೆ ಬೇರೆ ಟಯರ್ ತಂದರು.

ರಬ್ಬರು ಬಳಸದೆ ಇಟ್ಟರೂ ಹಳತಾಗುತ್ತದೆ. ಒಣಗಿ ಬಿರುಕು ಬಿಡುತ್ತದೆ. ಅಂಥ ಟಯರ್ ವೇಗದಲ್ಲಿ ಒಡೆದರೆ ಜೀವಕ್ಕೇ ಅಪಾಯ.

ದಾರಿಯಲ್ಲಿ ಗಾಳಿ ಹೋದರೆ

ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ. ನಿಧಾನವಾಗಿ ರಸ್ತೆಯ ಬದಿಗೆ ಬನ್ನಿ. ಮಿನುಗುವ ದೀಪ ಹಾಕಿ. ಎಲ್ಲರೂ ಕೆಳಗಿಳಿಯಿರಿ.

ಹ್ಯಾಂಡ್ ಬ್ರೇಕ್ ಎಳೆಯಿರಿ. ಬೇರೆ ಚಕ್ರಕ್ಕೆ ಕಲ್ಲು ಒತ್ತು ಕೊಡಿ. ಕಾರು ಎತ್ತುವ ಮೊದಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಆಮೇಲೆ ಜಾಕ್ ಹಚ್ಚಿ. ನೆಲ ಮೆತ್ತಗಿದ್ದರೆ ಜಾಕಿನ ಅಡಿಗೆ ಗಟ್ಟಿ ಹಲಗೆ ಇಡಿ. ಜಾಕಿನ ಮೇಲಿರುವ ಕಾರಿನ ಕೆಳಗೆ ಎಂದೂ ನುಸುಳಬೇಡಿ.

ಸ್ಟೆಪ್ನಿ ಹಾಕಿದ ಮೇಲೆ ನಟ್ಟುಗಳನ್ನು ಎದುರು ಬದುರಾಗಿ ಬಿಗಿ ಮಾಡಿ. ಕಾರು ಇಳಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಬಿಗಿ ಮಾಡಿ.

ಟಯರ್ ಕೊಳ್ಳುವಾಗ

ಮೊದಲು ಅಳತೆ ನೋಡಿ. ಟಯರಿನ ಬದಿಯಲ್ಲಿ 145/80 ಆರ್ 12 ಎಂಬಂತೆ ಬರೆದಿರುತ್ತದೆ. 145 ಎಂದರೆ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಬದಿಯ ಎತ್ತರ ಆ ಅಗಲದ ನೂರಕ್ಕೆ 80 ಭಾಗ. 12 ಎಂದರೆ ಒಳಗಿನ ರಿಮ್ಮಿನ ಅಳತೆ, ಇಂಚಿನಲ್ಲಿ. ನಿಮ್ಮ ಕಾರಿಗೆ ಹೇಳಿದ ಅಳತೆಯನ್ನೇ ಕೊಳ್ಳಿ.

ಐಎಸ್‌ಐ ಗುರುತು ಇದೆಯೇ ನೋಡಿ. ಕೊನೆಯ ನಾಲ್ಕು ಅಂಕಿ ಓದಿ. ಬಿಲ್ಲು ಕೇಳಿ ಪಡೆಯಿರಿ.

ಹಳೆ ಟಯರ್ ಸವೆದಿದೆಯೇ? ಅದಕ್ಕೂ ಗುರುತು ಇದೆ. ಟಯರಿನ ಗೀರಿನ ಒಳಗೆ ಸಣ್ಣ ದಿಣ್ಣೆಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟಯರ್ ಸವೆದು ದಿಣ್ಣೆಯ ಸಮಕ್ಕೆ ಬಂದರೆ ಬದಲಿಸಲೇಬೇಕು. ಗೀರು ಸವೆದ ಟಯರ್ ಮಳೆನೀರಿನ ಮೇಲೆ ಜಾರುತ್ತದೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ.

ತಿಂಗಳಿಗೊಮ್ಮೆ ಗಾಳಿ ನೋಡಿಸಿ. ಸ್ಟೆಪ್ನಿಯನ್ನು ಮರೀಬೇಡಿ. ನಾವು ಮರೆತೇ ಮಳೆಯಲ್ಲಿ ನೆನೆದದ್ದು.

ನೀವೇ ಮಾಡಿ: ನಿಮ್ಮ ಊರಲ್ಲಿ ನಿಂತ ಒಂದು ಕಾರಿನ ಟಯರ್ ನೋಡಿ. ಆ ನಾಲ್ಕು ಅಂಕಿ ಹುಡುಕಿ. ಅದು ಯಾವ ವರ್ಷದ ಟಯರ್? ಹಳೆಯದಾಗಿದ್ದರೆ ಕಾರಿನವರಿಗೆ ಹೇಳಿ.